ಕರಿಮಣ್ಣಿನ ಚರಿತ್ರೆ ಬರೆದ ವಸಿಲಿ ಡೊಕುಚಾಯೆವ್

ರಷ್ಯಾದ ಅತ್ಯಂತ ಫಲವತ್ತಾದ ನೆಲದ ಮೇಲೆಯೇ 1891ರಲ್ಲಿ ಘೋರ ಬರಗಾಲ ಬಂದೆರಗಿತು. ವೋಲ್ಗಾ ನದಿಯ ಇಕ್ಕೆಲಗಳ ಪ್ರಾಂತ್ಯಗಳಲ್ಲಿಯೂ ಅದರ ಪಶ್ಚಿಮಕ್ಕೆ ಹಬ್ಬಿದ ಕರಿಮಣ್ಣಿನ ಸೀಮೆಯಲ್ಲಿಯೂ ಮಳೆ ಕೈಕೊಟ್ಟಿತು. ಪೈರು ನಿಂತಲ್ಲಿಯೇ ಒಣಗಿತು. ಯುರೋಪಿನ ಪೇಟೆಗಳಿಗೆ ಹಡಗುಗಟ್ಟಲೆ ಧಾನ್ಯ ಕಳಿಸುತ್ತಿದ್ದ ನಾಡಿನ ರೈತನ ಮನೆಯಲ್ಲಿ ರೊಟ್ಟಿಗೆ ಹಿಟ್ಟಿಲ್ಲದಂತಾಯಿತು. ಹಸಿವಿನ ಬೆನ್ನಿಗೆ ಮರುವರ್ಷ ಕಾಲರಾ ಬಂದಿತು. ಲಕ್ಷಾಂತರ ಜನ ಪ್ರಾಣ ಬಿಟ್ಟರು. ಅಷ್ಟು ಆಳವಾದ, ಅಷ್ಟು ಸಾರವತ್ತಾದ ಮಣ್ಣು ತನ್ನನ್ನು ನಂಬಿದವರ ಕೈಬಿಟ್ಟದ್ದೇಕೆ ಎಂಬ ಪ್ರಶ್ನೆ ಆ ದಿನಗಳಲ್ಲಿ ಎಲ್ಲರನ್ನೂ ಕಾಡಿತು. ಆ ಮಣ್ಣಿನ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡಬಲ್ಲವರು ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದ ಖನಿಜಶಾಸ್ತ್ರದ ಪ್ರಾಧ್ಯಾಪಕ ವಸಿಲಿ ವಸಿಲ್ಯೆವಿಚ್ ಡೊಕುಚಾಯೆವ್. ಆಗ ಅವರಿಗೆ ನಲವತ್ತೈದು ವರ್ಷ. ಆ ಮಣ್ಣಿನ ಮೇಲೆ ಅವರು ಬರೆದ ಗ್ರಂಥ ಪ್ರಕಟವಾಗಿ ಎಂಟು ವರ್ಷಗಳಾಗಿದ್ದವು.

ಡೊಕುಚಾಯೆವ್ ಹುಟ್ಟಿದ್ದು 1846ರ ಮಾರ್ಚ್ 1ರಂದು, ಸ್ಮೊಲೆನ್ಸ್ಕ್ ಪ್ರಾಂತ್ಯದ ಮಿಲ್ಯುಕೊವೊ ಎಂಬ ಹಳ್ಳಿಯಲ್ಲಿ. ತಂದೆ ಹಳ್ಳಿಯ ಚರ್ಚಿನ ಪಾದ್ರಿ. ಪಾದ್ರಿಯ ಮಗ ಪಾದ್ರಿಯಾಗುವುದು ಅಂದಿನ ರೂಢಿ. ಬಾಲಕ ವಸಿಲಿಯೂ ಧಾರ್ಮಿಕ ಶಾಲೆಯಲ್ಲಿ ಓದಿ ಸ್ಮೊಲೆನ್ಸ್ಕ್‌ನ ಸೆಮಿನರಿಯನ್ನು ಮುಗಿಸಿದರು. ಮೇಲಿನ ವ್ಯಾಸಂಗಕ್ಕಾಗಿ 1867ರಲ್ಲಿ ರಾಜಧಾನಿಯ ಧರ್ಮಶಾಸ್ತ್ರ ಅಕಾಡೆಮಿಗೆ ಸೇರಿದರೂ ಅಲ್ಲಿ ನಿಂತದ್ದು ಕೆಲವೇ ವಾರ. ಜಪಮಣಿಗೂ ಬೈಬಲ್ಲಿಗೂ ವಿದಾಯ ಹೇಳಿ ವಿಶ್ವವಿದ್ಯಾಲಯದ ನಿಸರ್ಗ ವಿಜ್ಞಾನ ವಿಭಾಗಕ್ಕೆ ಬಂದರು. 1871ರಲ್ಲಿ ಪದವಿ ಪಡೆದರು. ಪದವಿಗೆ ಬರೆದ ಪ್ರಬಂಧವೂ ಹುಟ್ಟೂರಿನ ಸೀಮೆಯದೇ: ಅಲ್ಲಿ ಹರಿಯುವ ಕಾಚ್ನಾ ಎಂಬ ಪುಟ್ಟ ನದಿಯ ದಂಡೆಯ ಮೆಕ್ಕಲಿನ ವಿಚಾರ. ಮುಂದಿನ ವರ್ಷ ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಗ್ರಹಾಲಯದ ಪಾಲಕರಾಗಿ ನೇಮಕಗೊಂಡರು. 1878ರಲ್ಲಿ ಯುರೋಪಿಯನ್ ರಷ್ಯಾದ ನದೀಕಣಿವೆಗಳು ಉಂಟಾದ ಬಗೆಯನ್ನು ಕುರಿತ ಪ್ರಬಂಧಕ್ಕೆ ಮಾಸ್ಟರ್ ಪದವಿ ದೊರೆಯಿತು. ಅಲ್ಲಿಯವರೆಗೆ ಅವರು ಭೂವಿಜ್ಞಾನಿ. ಮಣ್ಣೆಂಬುದು ಅವರ ಪಾಲಿಗೆ ಬಂಡೆಯನ್ನು ನೋಡಲು ಅಡ್ಡಬರುವ ಹೊದಿಕೆ ಮಾತ್ರವಾಗಿತ್ತು.

ದೃಷ್ಟಿ ಬದಲಾದದ್ದು ಒಂದು ನಕ್ಷೆಯ ನಿಮಿತ್ತದಿಂದ. ಯುರೋಪಿಯನ್ ರಷ್ಯಾದ ಮಣ್ಣುಗಳ ನಕ್ಷೆಯನ್ನು ಸಿದ್ಧಪಡಿಸುತ್ತಿದ್ದ ಚಾಸ್ಲಾವ್‌ಸ್ಕಿ ಎಂಬ ಅಧಿಕಾರಿ 1875ರಲ್ಲಿ ಡೊಕುಚಾಯೆವ್ ಅವರ ನೆರವು ಕೋರಿದರು. ಕೆಲಸ ಮುಗಿಯುವ ಮೊದಲೇ, 1878ರಲ್ಲಿ, ಚಾಸ್ಲಾವ್‌ಸ್ಕಿ ತೀರಿಕೊಂಡರು. ನಕ್ಷೆಗೆ ವಿವರಣೆ ಬರೆಯುವ ಹೊಣೆ ಡೊಕುಚಾಯೆವ್ ಅವರ ಹೆಗಲಿಗೆ ಬಿದ್ದು, 1879ರಲ್ಲಿ ಆ ಪುಸ್ತಕ ಹೊರಬಂತು. ಅದನ್ನು ಬರೆಯುವಾಗ ಒಂದು ಸಂಗತಿ ಅವರಿಗೆ ಸ್ಪಷ್ಟವಾಯಿತು. ಜನ ಮಣ್ಣಿಗೆ ಹೆಸರಿಡುತ್ತಿದ್ದರು, ದರ್ಜೆ ಕಟ್ಟುತ್ತಿದ್ದರು, ತೆರಿಗೆ ಹಾಕುತ್ತಿದ್ದರು. ಆದರೆ ಮಣ್ಣೆಂದರೇನು ಎಂಬುದಕ್ಕೆ ಇಬ್ಬರ ಉತ್ತರ ಒಂದೇ ಆಗಿರಲಿಲ್ಲ. ರಸಾಯನಶಾಸ್ತ್ರಜ್ಞನಿಗೆ ಅದು ಗೊಬ್ಬರದ ಉಗ್ರಾಣ, ಭೂವಿಜ್ಞಾನಿಗೆ ಪುಡಿಯಾದ ಬಂಡೆ, ಬೇಸಾಯಗಾರನಿಗೆ ನೇಗಿಲು ಮುಟ್ಟುವಷ್ಟು ಆಳ.

ಇದೇ ಕಾಲಕ್ಕೆ 1873 ಮತ್ತು 1875ರ ಅನಾವೃಷ್ಟಿಗಳು ಕರಿಮಣ್ಣಿನ ಸೀಮೆಯನ್ನು ಕಾಡಿದ್ದವು. 1765ರಲ್ಲಿ ಸ್ಥಾಪನೆಯಾಗಿದ್ದ ಸ್ವತಂತ್ರ ಆರ್ಥಿಕ ಸಂಘವು ಚೆರ್ನೊಜೆಮ್ ಎಂದು ರೈತರು ಕರೆಯುತ್ತಿದ್ದ ಈ ಕರಿಮಣ್ಣನ್ನು ಸಮಗ್ರವಾಗಿ ಅಭ್ಯಸಿಸಬೇಕೆಂದು ತೀರ್ಮಾನಿಸಿ ಆ ಕೆಲಸವನ್ನು ಡೊಕುಚಾಯೆವ್ ಅವರಿಗೆ ಒಪ್ಪಿಸಿತು. ಚೆರ್ನೊಜೆಮ್‌ನ ಮೂಲದ ಬಗ್ಗೆ ಆಗ ಮತಗಳು ಹಲವಿದ್ದವು. ಹದಿನೆಂಟನೆಯ ಶತಮಾನದ ಪ್ರವಾಸಿ ವಿಜ್ಞಾನಿ ಪಲ್ಲಾಸ್ ಅದನ್ನು ಹಿಂದೆ ಸರಿದ ಸಮುದ್ರ ಬಿಟ್ಟುಹೋದ ಕೆಸರಿಗೆ ಸಂಬಂಧಿಸಿದ್ದ. ಬ್ರಿಟನ್ನಿನ ಭೂವಿಜ್ಞಾನಿ ಮರ್ಚಿಸನ್ ಕೂಡ ಅದನ್ನು ನೀರಿನಡಿ ಸಂಚಯವಾದ ಪದಾರ್ಥವೆಂದೇ ತಿಳಿದಿದ್ದ. ಐಕ್‌ವಾಲ್ಡ್ ಎಂಬಾತನಿಗೆ ಅದು ಒಣಗಿದ ಜೌಗಿನ ಉಳಿಕೆ. 1866ರಲ್ಲಿ ಸಸ್ಯವಿಜ್ಞಾನಿ ರುಪ್ರೆಕ್ಟ್ ಮಾತ್ರ ಅದು ಒಣನೆಲದ ಹುಲ್ಲಿನಿಂದ ಹುಟ್ಟಿದ್ದೆಂದು ವಾದಿಸಿದ್ದ. ಗ್ರಂಥಾಲಯದಲ್ಲಿ ಕುಳಿತು ತೀರ್ಮಾನಿಸುವ ವಿಷಯ ಇದಾಗಿರಲಿಲ್ಲ.

ಡೊಕುಚಾಯೆವ್ 1877ರ ಬೇಸಗೆಯಲ್ಲಿ ಹೊರಟರು. ಆ ವರ್ಷವೂ ಮರುವರ್ಷವೂ, ಅನಂತರ ಬಿಡುಬಿಡುವಾಗಿಯೂ, ಅವರು ಕ್ರಮಿಸಿದ ದಾರಿ ಹತ್ತು ಸಾವಿರ ಕಿಲೋಮೀಟರಿಗೂ ಹೆಚ್ಚು. ಬಹುಭಾಗ ಕುದುರೆಗಾಡಿಯ ಪಯಣ. ಕಂದರದ ಬರಿದಾದ ಗೋಡೆ ಕಂಡರೆ ಅಲ್ಲಿ ಇಳಿಯುವುದು, ಕಾಣದಿದ್ದರೆ ಗುಂಡಿ ತೋಡಿಸುವುದು, ಗೋಡೆಯನ್ನು ಸಪಾಟಾಗಿ ಕೆತ್ತಿ ಮೇಲಿನಿಂದ ಕೆಳಕ್ಕೆ ಬಣ್ಣ, ಹೆಂಟೆಯ ಆಕಾರ, ಬೇರಿನ ಆಳ ಎಲ್ಲವನ್ನೂ ಬರೆದುಕೊಳ್ಳುವುದು, ಪದರ ಪದರದ ಮಾದರಿಯನ್ನು ಕಟ್ಟಿಕೊಳ್ಳುವುದು: ಇದೇ ನಿತ್ಯದ ಕಾಯಕ. ಇಂದು ಯಾವ ದೇಶದ ಮಣ್ಣು ಸಮೀಕ್ಷಕನೂ ಮಾಡುವ ಮೊದಲ ಕೆಲಸ ಇದೇ ಆದ್ದರಿಂದ ಅದರಲ್ಲಿ ವಿಶೇಷ ತೋರದು. ಆದರೆ ಆ ಕಾಲಕ್ಕೆ ಮಣ್ಣಿನ ಪರೀಕ್ಷೆಯೆಂದರೆ ಮೇಲುಪದರದ ಒಂದು ಹಿಡಿಯನ್ನು ಪ್ರಯೋಗಶಾಲೆಗೆ ಒಯ್ಯುವುದಷ್ಟೇ ಆಗಿತ್ತು.

ಆ ಗುಂಡಿಗಳಲ್ಲಿ ಅವರು ಕಂಡದ್ದನ್ನು ಕೊಂಚ ವಿವರವಾಗಿ ನೋಡಬೇಕು. ಸ್ಟೆಪ್ ಹುಲ್ಲುಗಾವಲಿನ ಎತ್ತರದ ಸಮತಟ್ಟು ನೆಲದಲ್ಲಿ ಮೇಲುಗಡೆ ಹುಲ್ಲುಬೇರಿನ ದಟ್ಟ ಚಾಪೆ. ಅದರಡಿ ಅರ್ಧ ಮೀಟರಿನಿಂದ ಒಂದು ಮೀಟರಿನವರೆಗೂ, ಕೆಲವೆಡೆ ಅದಕ್ಕೂ ಆಳಕ್ಕೆ, ಕಪ್ಪು ಮಣ್ಣು. ಮುಟ್ಟಿದರೆ ರಾಗಿಕಾಳಿನಂತೆ, ಕಡಲೆಯಂತೆ ಹರಳು ಹರಳಾಗಿ ಉದುರುವ ಮಣ್ಣು. ಕೆಳಕ್ಕೆ ಇಳಿದಂತೆ ಕಪ್ಪು ಕಂದಾಗುತ್ತದೆ, ಕಂದು ಹಳದಿಯಾಗುತ್ತದೆ; ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಯಿತೆಂದು ಗೆರೆ ಎಳೆಯುವುದು ಕಷ್ಟ. ನಡುವೆ ಅಲ್ಲಲ್ಲಿ ಸುಣ್ಣದ ಬಿಳಿಯ ಚುಕ್ಕೆಗಳು. ಆಮ್ಲದ ಹನಿ ಬಿದ್ದರೆ ಅವು ನೊರೆಯುತ್ತವೆ. ಹಳದಿ ಪದರದಲ್ಲಿ ಕಪ್ಪು ಸುರುಳಿಗಳೂ ಕಪ್ಪು ಪದರದಲ್ಲಿ ಹಳದಿ ಸುರುಳಿಗಳೂ ಕಾಣುತ್ತವೆ. ಅವು ಬಿಲ ತೋಡುವ ದಂಶಕಗಳ ಹಳೆಯ ಸುರಂಗಗಳು, ಮೇಲಿನ ಅಥವಾ ಕೆಳಗಿನ ಮಣ್ಣು ಕುಸಿದು ತುಂಬಿಕೊಂಡವು. ಈ ಮೇಲಿನ, ನಡುವಿನ, ಕೆಳಗಿನ ಪದರಗಳನ್ನು ಡೊಕುಚಾಯೆವ್ ಎ, ಬಿ, ಸಿ ಎಂದು ಗುರುತಿಸಿದರು. ಅಕ್ಷರಗಳ ಅರ್ಥ ಮುಂದೆ ಸ್ವಲ್ಪ ಬದಲಾದರೂ ಜಗತ್ತಿನ ಮಣ್ಣು ವಿಜ್ಞಾನಿಗಳು ಅವುಗಳನ್ನು ಇನ್ನೂ ಕೈಬಿಟ್ಟಿಲ್ಲ.

ಎಲ್ಲಕ್ಕೂ ಕೆಳಗಿನ ಹಳದಿ ಪದರವೇ ಬಹುತೇಕ ಕಡೆ ಲೋಯೆಸ್. ಜರ್ಮನಿಯ ರೈನ್ ಕಣಿವೆಯಲ್ಲಿ ಮೊದಲು ಹೆಸರು ಪಡೆದ ಇದು ಮರಳಿಗಿಂತ ನುಣ್ಣಗೆ, ಜೇಡಿಗಿಂತ ಒರಟಾಗಿ ಇರುವ ರೇವೆಯ ರಾಶಿ. ಕೈಯಲ್ಲಿ ಉಜ್ಜಿದರೆ ಹಿಟ್ಟಿನಂತೆ ಹತ್ತುತ್ತದೆ. ಪದರಗಳಿಲ್ಲ, ಕಲ್ಲುಗಳಿಲ್ಲ. ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ನೀರು ನುಗ್ಗಿದರೆ ಒಂದೇ ಮಳೆಗಾಲದಲ್ಲಿ ಕಂದರವಾಗಿ ಕೊರೆದುಹೋಗುತ್ತದೆ. ಹಿಮಯುಗದಲ್ಲಿ ಹಿಮನದಿಗಳು ಅರೆದ ಬಂಡೆಯ ಹುಡಿಯನ್ನು ಗಾಳಿ ಹೊತ್ತು ತಂದು ಎತ್ತರದ ಬಯಲುಗಳ ಮೇಲೆ ಹಾಸಿದ್ದೇ ಲೋಯೆಸ್ ಎಂಬುದು ಈಗ ಸರ್ವಸಮ್ಮತ. ಚೀನಾದ ಲೋಯೆಸ್ ಅನ್ನು ನೋಡಿ ಬಂದ ರಿಖ್ಟ್‌ಹೋಫನ್ 1877ರಲ್ಲಿ ಗಾಳಿಯ ವಾದವನ್ನು ಮುಂದಿಟ್ಟಾಗ ಅದನ್ನು ಒಪ್ಪಲು ಹಿಂಜರಿದವರು ಬಹಳ ಮಂದಿ. ನೀರು ಚೆನ್ನಾಗಿ ಇಂಗುವ, ಬೇರು ಸಲೀಸಾಗಿ ಇಳಿಯುವ, ಸುಣ್ಣದ ಅಂಶವಿರುವ ಈ ರೇವೆಯ ಮೇಲೆ ಹುಲ್ಲು ಸಾವಿರಾರು ವರ್ಷ ಹುಟ್ಟಿ, ಸತ್ತು, ಕೊಳೆತದ್ದರ ಫಲ ಚೆರ್ನೊಜೆಮ್.

ಹಾಗಿದ್ದರೆ ಲೋಯೆಸ್ ಇದ್ದಲ್ಲೆಲ್ಲ ಚೆರ್ನೊಜೆಮ್ ಇರಬೇಕಲ್ಲವೇ? ಇಲ್ಲಿಯೇ ಡೊಕುಚಾಯೆವ್ ಅವರ ಪ್ರವಾಸ ಫಲ ಕೊಟ್ಟಿತು. ಉತ್ತರದ ಕಾಡಿನ ಕಡೆಗೆ ಬಂದಂತೆ ಅಂಥದೇ ಹಳದಿ ರೇವೆಯ ಮೇಲೆ ಬೂದು ಬಣ್ಣದ ತೆಳುವಾದ ಮಣ್ಣು ಕಾಣಿಸಿತು. ದಕ್ಷಿಣದ ಒಣ ಸೀಮೆಗೆ ಹೋದಂತೆ ಕಪ್ಪು ಮಾಸಿ ಕಂದಾಯಿತು. ಇನ್ನೊಂದು ಕಡೆ, ಸ್ಟೆಪ್‌ನ ನಡುವೆ ಸುಣ್ಣಕಲ್ಲು, ಗ್ರಾನೈಟು, ಹಳೆಯ ಜೇಡಿ ಇವುಗಳ ಮೇಲೆಯೂ ಚೆರ್ನೊಜೆಮ್ ಬೆಳೆದಿತ್ತು. ಆದ್ದರಿಂದ ಮಣ್ಣನ್ನು ಕೆಳಗಿನ ಶಿಲೆಯೊಂದೇ ನಿರ್ಧರಿಸದು. ಮೂಲಶಿಲೆ, ಹವಾಮಾನ, ಸಸ್ಯ ಹಾಗೂ ಪ್ರಾಣಿಗಳು, ನೆಲದ ಏರಿಳಿತ, ಕಾಲ, ಈ ಐದೂ ಸೇರಿ ಮಣ್ಣನ್ನು ಹುಟ್ಟಿಸುತ್ತವೆ. ಮಣ್ಣು ಸಸ್ಯ, ಪ್ರಾಣಿ, ಖನಿಜಗಳಂತೆ ತನ್ನದೇ ಹುಟ್ಟು ಬೆಳವಣಿಗೆಗಳುಳ್ಳ ನಿಸರ್ಗದ ಸ್ವತಂತ್ರ ಕಾಯ ಎಂಬ ನಿರ್ಣಯಕ್ಕೆ ಅವರು ಬಂದರು. ಕಾಡಿನಿಂದ ಮರಳುಗಾಡಿನವರೆಗೆ ಮಣ್ಣಿನ ಹ್ಯೂಮಸ್ ಅಂಶ ಹೇಗೆ ಏರಿ ಇಳಿಯುತ್ತದೆಂಬುದನ್ನು ನಕ್ಷೆಯ ಮೇಲೆ ಪಟ್ಟಿಗಳಾಗಿ ಬಿಡಿಸಿದರು. ಶೇಕಡಾ 4ರಿಂದ 7, 7ರಿಂದ 10, 10ರಿಂದ 13, 13ರಿಂದ 16 ಎಂಬ ಆ ಪಟ್ಟಿಗಳು ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿ ಸಾಗಿದ್ದನ್ನು ಕಂಡರೆ ಅವು ಶಿಲೆಗಳ ನಕ್ಷೆಯನ್ನು ಲೆಕ್ಕಿಸದೆ ಹವೆಯ ನಕ್ಷೆಯನ್ನು ಅನುಸರಿಸಿದ್ದು ಗೊತ್ತಾಗುತ್ತದೆ.

ರಷ್ಯಾದ ಚೆರ್ನೊಜೆಮ್ ಎಂಬ ಹೆಸರಿನ ಆ ಗ್ರಂಥ 1883ರಲ್ಲಿ ಪ್ರಕಟವಾಯಿತು. ಅದೇ ವರ್ಷ ಅದನ್ನು ಡಾಕ್ಟರೇಟ್ ಪ್ರಬಂಧವಾಗಿ ಮಂಡಿಸಿದಾಗ ಪರೀಕ್ಷಕರಲ್ಲಿ ಒಬ್ಬರು ಮೂಲಧಾತುಗಳ ಆವರ್ತ ಕೋಷ್ಟಕದ ಮೆಂಡಲೀಫ್. ವಿಜ್ಞಾನ ಅಕಾಡೆಮಿಯ ಬಹುಮಾನವೂ ಗ್ರಂಥಕ್ಕೆ ಸಂದಿತು. ಆಕ್ಷೇಪಗಳಿಗೇನೂ ಕಡಿಮೆ ಇರಲಿಲ್ಲ. ಕೃಷಿ ವಿಜ್ಞಾನಿ ಕೊಸ್ಟಿಚೆವ್ ಬೇರಿನ ಸ್ವಭಾವ, ಕೊಳೆಯಿಸುವ ಸೂಕ್ಷ್ಮಜೀವಿಗಳು ಇವುಗಳ ಕಡೆಯಿಂದ ಚೆರ್ನೊಜೆಮ್ ಅನ್ನು ನೋಡುತ್ತಿದ್ದವರು. ಹವಾಮಾನಕ್ಕೆ ಡೊಕುಚಾಯೆವ್ ಕೊಟ್ಟ ಮಹತ್ವ ಅತಿಯಾಯಿತೆಂದು ಅವರು ಕಟುವಾಗಿ ಟೀಕಿಸಿದರು. ಇಬ್ಬರ ಜಗಳ ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ವರ್ಷಗಟ್ಟಲೆ ನಡೆಯಿತು. ಇಂದು ನೋಡಿದರೆ ಇಬ್ಬರೂ ಒಂದೇ ಗೋಡೆಯನ್ನು ಎರಡು ಕಡೆಯಿಂದ ಕಟ್ಟುತ್ತಿದ್ದರು ಎನ್ನಬೇಕು.

ಶಾಸ್ತ್ರ ಕಂದಾಯದ ಕಚೇರಿಗೆ ಬಂದದ್ದು ನಿಜ್ನಿ ನೊವ್‌ಗೊರೊದ್ ಪ್ರಾಂತ್ಯದಲ್ಲಿ. ಜೆಮ್‌ಸ್ತ್ವೊ ಎಂಬ ಅಲ್ಲಿನ ಸ್ಥಳೀಯ ಆಡಳಿತ ಸಭೆಗೆ ಜಮೀನಿನ ತೆರಿಗೆಯನ್ನು ನ್ಯಾಯವಾಗಿ ಹಂಚಲು ಮಣ್ಣಿನ ದರ್ಜೆ ಬೇಕಾಗಿತ್ತು. ಇಂಥ ಪ್ರಯತ್ನ ಹೊಸತೇನಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಧಾರವಾಡ ಸೀಮೆಯಲ್ಲಿ ಮುಂಬಯಿ ಸರ್ಕಾರದ ಪೈಮಾಶಿಯವರು ಮಣ್ಣಿನ ಆಳವನ್ನೂ ಬಣ್ಣವನ್ನೂ ನೋಡಿ ಹದಿನಾರಾಣೆಯಿಂದ ಕೆಳಕ್ಕೆ ಜಮೀನಿನ ತರ ಕಟ್ಟಿದ್ದರು. ಆದರೆ 1882ರಿಂದ 1886ರವರೆಗೆ ಡೊಕುಚಾಯೆವ್ ಮತ್ತು ಶಿಷ್ಯರು ನಡೆಸಿದ ಸಮೀಕ್ಷೆಯ ಕ್ರಮ ಬೇರೆ. ಮೊದಲು ಮಣ್ಣು ಹುಟ್ಟಿದ ಬಗೆಯನ್ನು ತಿಳಿದು ಜಾತಿ ವಿಂಗಡಿಸುವುದು, ಅನಂತರ ಅದರ ರಾಸಾಯನಿಕ ಮತ್ತು ಭೌತಿಕ ಗುಣಗಳನ್ನು ಅಳೆಯುವುದು, ಕೊನೆಗೆ ಇಳುವರಿಯೊಡನೆ ತಾಳೆ ನೋಡುವುದು. ಹದಿನಾಲ್ಕು ಸಂಪುಟಗಳ ವರದಿ ಹೊರಬಂತು. ಡೊಕುಚಾಯೆವ್ ಅವರ ಮಣ್ಣು ವರ್ಗೀಕರಣ 1886ರಲ್ಲಿ ವಿವರವಾಗಿ ಕಾಣಿಸಿಕೊಂಡದ್ದು ಈ ವರದಿಗಳಲ್ಲಿಯೇ. ಹುಟ್ಟಿದಲ್ಲೇ ನಿಂತು ಹವೆಗೆ ಅನುಗುಣವಾಗಿ ಬೆಳೆದವು ಸಹಜ ಮಣ್ಣುಗಳು. ಕೊಚ್ಚಿಹೋದವು ಸಂಕ್ರಮಣ ಮಣ್ಣುಗಳು. ನದಿಯ ಮೆಕ್ಕಲು ಮುಂತಾದವು ಅಸಹಜ ಮಣ್ಣುಗಳು. ಎತ್ತರದ ಬಯಲಿನ ಲೋಯೆಸ್ ಮೇಲೆ ಬೆಳೆದ ಚೆರ್ನೊಜೆಮ್ ಮೊದಲನೆಯ ವರ್ಗದ ಮಾದರಿ.

ಹೆಸರುಗಳ ವಿಷಯದಲ್ಲಿ ಡೊಕುಚಾಯೆವ್ ಗ್ರೀಕ್, ಲ್ಯಾಟಿನ್ ಭಾಷೆಗಳ ಕಡೆ ನೋಡಲಿಲ್ಲ. ರೈತರ ಬಾಯಲ್ಲಿದ್ದ ಚೆರ್ನೊಜೆಮ್, ಪೊಡ್‌ಜೋಲ್, ಸೊಲೊನೆಟ್ಸ್ ಎಂಬ ಮಾತುಗಳನ್ನೇ ಶಾಸ್ತ್ರಕ್ಕೆ ತಂದರು. ಪೊಡ್‌ಜೋಲ್ ಅವರ ಹುಟ್ಟುಸೀಮೆ ಸ್ಮೊಲೆನ್ಸ್ಕ್‌ನ ಮಾತು. ನಮ್ಮ ಎರೆ, ಮಸಾರಿಗಳಂತೆ ಇವೂ ನೇಗಿಲ ಹಿಂದೆ ಹುಟ್ಟಿದ ಪದಗಳು. ಎರೆಯ ಪ್ರಸ್ತಾಪ ಬಂದುದರಿಂದ ಒಂದು ಮಾತು ಹೇಳಬೇಕು: ಉತ್ತರ ಕರ್ನಾಟಕದ ಎರೆಭೂಮಿಯನ್ನು ರಷ್ಯಾದ ಕರಿಮಣ್ಣಿಗೆ ಹೋಲಿಸುವ ರೂಢಿ ಹಳೆಯದು, ಆದರೆ ಹೋಲಿಕೆ ಬಣ್ಣಕ್ಕೆ ನಿಲ್ಲುತ್ತದೆ. ಎರೆ ಬಹುಮಟ್ಟಿಗೆ ದಖ್ಖನಿನ ಕಪ್ಪುಶಿಲೆ ಶಿಥಿಲವಾಗಿ ಆದ ಜೇಡಿ. ಬೇಸಗೆಯಲ್ಲಿ ಬಾಯಿಬಿಡುವುದು, ಮಳೆಯಲ್ಲಿ ಉಬ್ಬುವುದು ಅದರ ಗುಣ, ಸಾವಯವಾಂಶ ಅದರಲ್ಲಿ ಅಲ್ಪ. ಚೆರ್ನೊಜೆಮ್ ರೇವೆಯ ಮಣ್ಣು. ಅದರ ಕಪ್ಪು ಹುಲ್ಲು ಕೊಟ್ಟ ಕಪ್ಪು.

ನಿಜ್ನಿಯ ಬಳಿಕ 1888ರಿಂದ ಪೊಲ್ಟಾವ ಪ್ರಾಂತ್ಯದ ಸಮೀಕ್ಷೆ. ಇಂದು ಉಕ್ರೇನಿಗೆ ಸೇರಿರುವ ಈ ಸೀಮೆ ಲೋಯೆಸ್ ಮತ್ತು ಚೆರ್ನೊಜೆಮ್‌ಗಳ ತವರು. ಜೀವಗೋಳದ ಕಲ್ಪನೆಯಿಂದ ಮುಂದೆ ಜಗತ್ಪ್ರಸಿದ್ಧರಾದ ವ್ಲಾದಿಮಿರ್ ವೆರ್ನಾದ್‌ಸ್ಕಿ ಇಲ್ಲಿ ಗುರುವಿನ ಕೈಕೆಳಗೆ ಮಣ್ಣು ಅಳೆದವರು. 1889ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ರಷ್ಯಾದ ಮಣ್ಣಿನ ಸಂಗ್ರಹಕ್ಕೆ ಚಿನ್ನದ ಪದಕ ಬಂತು.

ಅದಾಗಿ ಎರಡೇ ವರ್ಷಕ್ಕೆ ಬರಗಾಲ. ಡೊಕುಚಾಯೆವ್ 1892ರಲ್ಲಿ ಸ್ಟೆಪ್‌ಗಳ ಅಂದಿನ ಹಾಗೂ ಹಿಂದಿನ ಸ್ಥಿತಿಯನ್ನು ಕುರಿತು ಚಿಕ್ಕದೊಂದು ಪುಸ್ತಕ ಬರೆದರು; ಮಾರಾಟದ ಹಣ ಬರಪೀಡಿತರಿಗೆಂದು ಮೀಸಲಾಯಿತು. ಮಳೆಯೊಂದನ್ನೇ ದೂರುವುದು ಅವರಿಗೆ ಸಮ್ಮತವಿರಲಿಲ್ಲ. ಕನ್ನೆನೆಲದ ಹುಲ್ಲನ್ನು ಉತ್ತುಹಾಕಿದ್ದರಿಂದ ಮಣ್ಣಿನ ಹರಳುಕಟ್ಟು ಮುರಿದು ಪುಡಿಯಾಗಿತ್ತು. ಹಿಮ ಹಿಡಿದಿಡುವ ಹುಲ್ಲಿಲ್ಲ, ಕಾಡಿಲ್ಲ. ಕರಗಿದ ನೀರು ಇಂಗುವ ಬದಲು ಕಂದರಗಳಲ್ಲಿ ಹರಿದುಹೋಗುತ್ತಿತ್ತು, ಕಂದರಗಳು ಸುತ್ತಲಿನ ಅಂತರ್ಜಲವನ್ನು ಬಸಿಯುತ್ತಿದ್ದವು. ಮಣ್ಣು ಸಾರ ಕಳೆದುಕೊಂಡಿರಲಿಲ್ಲ. ನೀರು ಹಿಡಿಯುವ ಶಕ್ತಿ ಕಳೆದುಕೊಂಡಿತ್ತು. ಇದಕ್ಕೆ ಅವರು ಸೂಚಿಸಿದ ಉಪಾಯಗಳು ಸರಳ: ಕಂದರಗಳಿಗೆ ಕಟ್ಟೆ, ಎತ್ತರದ ಬಯಲಿನಲ್ಲಿ ಕೆರೆಗಳು, ಹೊಲಗಳ ನಡುವೆ ಮರಗಳ ಪಟ್ಟಿ, ಹೊಲ ಕಾಡು ಹುಲ್ಲುಗಳ ನಡುವೆ ಹದವಾದ ಪ್ರಮಾಣ.

ಸರ್ಕಾರ ಕಿವಿಗೊಟ್ಟಿತು. ಅದೇ ವರ್ಷ ಅರಣ್ಯ ಇಲಾಖೆಯ ವಿಶೇಷ ತಂಡವೊಂದು ಅವರ ನೇತೃತ್ವದಲ್ಲಿ ರಚಿತವಾಯಿತು. ವೊರೊನೆಜ್ ಪ್ರಾಂತ್ಯದ ಕಾಮೆನ್ನಾಯ ಸ್ಟೆಪ್ ಸೇರಿ ಮೂರು ಕಡೆ ಪ್ರಯೋಗ ಕ್ಷೇತ್ರಗಳು ಆರಂಭವಾದವು. ಗಿಡ ನೆಡುವುದು, ಕೊಳ ತೋಡುವುದು, ಮಳೆ, ಗಾಳಿ, ಅಂತರ್ಜಲಗಳನ್ನು ದಿನದಿನವೂ ಬರೆದಿಡುವುದು ಒಟ್ಟಿಗೆ ನಡೆದವು. ಇದೇ ಕಾಲದಲ್ಲಿ ನೊವೊ ಅಲೆಕ್ಸಾಂದ್ರಿಯ ಎಂಬಲ್ಲಿನ, ಅಂದರೆ ಇಂದಿನ ಪೋಲೆಂಡಿನ ಪುವಾವಿಯ, ಕೃಷಿ ಮತ್ತು ಅರಣ್ಯ ಸಂಸ್ಥೆಯ ನಿರ್ದೇಶಕತ್ವವನ್ನೂ ಅವರು ವಹಿಸಿಕೊಂಡರು. ಅಲ್ಲಿ 1894ರಲ್ಲಿ ರಷ್ಯಾದ ಮೊದಲ ಮಣ್ಣು ವಿಜ್ಞಾನ ಪೀಠ ಸ್ಥಾಪನೆಯಾಗಿ ಪ್ರಿಯಶಿಷ್ಯ ಸಿಬಿರ್ತ್ಸೆವ್ ಅದರ ಮುಖ್ಯಸ್ಥರಾದರು.

ಒಬ್ಬ ಮನುಷ್ಯ ಹೊರಬಹುದಾದ ಭಾರಕ್ಕಿಂತ ಇದು ಹೆಚ್ಚಾಯಿತು. 1895ರಲ್ಲಿ ತೀವ್ರ ತಲೆನೋವು, ನೆನಪಿನ ಕುಂದು, ಮನಸ್ಸಿನ ಖಿನ್ನತೆ ಅವರನ್ನು ಹಿಡಿದವು. ಸಂಸ್ಥೆಯ ಹೊಣೆ ಬಿಟ್ಟರು. ಬಾಳಿನ ಆಸರೆಯಾಗಿದ್ದ ಪತ್ನಿ ಅನ್ನಾ 1897ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ವರ್ಷ ವಿಶ್ವವಿದ್ಯಾಲಯದಿಂದಲೂ ನಿವೃತ್ತಿ. ಎಲ್ಲ ಮುಗಿಯಿತೆಂದುಕೊಳ್ಳುವಾಗ ಆರೋಗ್ಯ ಸ್ವಲ್ಪ ಮರಳಿತು, ಅವರು ಕಾಕಸಸ್ ಪರ್ವತಗಳಿಗೆ ಹೊರಟರು. ಬೆಟ್ಟ ಏರಿದಂತೆ ಮಣ್ಣುಗಳು ದಕ್ಷಿಣದಿಂದ ಉತ್ತರಕ್ಕೆ ಹೋದಾಗಿನ ಕ್ರಮದಲ್ಲಿಯೇ ಬದಲಾಗುತ್ತವೆಂದು ಅವರು ಮೊದಲೇ ಊಹಿಸಿದ್ದರು. ಅಲ್ಲಿ ಅದನ್ನು ಕಣ್ಣಾರೆ ಕಂಡರು. 1899ರಲ್ಲಿ ನಿಸರ್ಗ ವಲಯಗಳ ಸಿದ್ಧಾಂತವನ್ನು ಪ್ರಕಟಿಸಿದರು. ಅವರ ಕೊನೆಯ ವರ್ಗೀಕರಣ ಧ್ರುವಪ್ರದೇಶದ ತುಂದ್ರದಿಂದ ಉಷ್ಣವಲಯದ ಕೆಂಪು ಜಂಬಿಟ್ಟಿಗೆ ಮಣ್ಣಿನವರೆಗೆ ಭೂಮಿಯನ್ನೆಲ್ಲ ಒಳಗೊಂಡಿತ್ತು. ಜಂಬಿಟ್ಟಿಗೆಗೆ ಲ್ಯಾಟರೈಟ್ ಎಂಬ ಹೆಸರು ಬಂದದ್ದು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಬುಕಾನನ್ ಅವರ 1807ರ ಪ್ರವಾಸಗ್ರಂಥದಿಂದ.

ಬಿಡುವು ಅಲ್ಪಕಾಲದ್ದಾಗಿತ್ತು. 1900ರಲ್ಲಿ ಸಿಬಿರ್ತ್ಸೆವ್ ಕ್ಷಯದಿಂದ ಅಕಾಲದಲ್ಲಿ ಮಡಿದರು. ಡೊಕುಚಾಯೆವ್ ಅವರ ರೋಗ ಮರುಕಳಿಸಿತು, ಮತ್ತೆ ಅವರು ಬರೆಯಲಿಲ್ಲ. 1903ರ ನವೆಂಬರ್ 8ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಧನರಾದರು. ವಯಸ್ಸು ಐವತ್ತೇಳು.

ರಷ್ಯನ್ ಭಾಷೆಯಲ್ಲಿ ಹುದುಗಿದ್ದ ಅವರ ವಿಚಾರಗಳು ಹೊರಜಗತ್ತಿಗೆ ತಲುಪಿದ್ದು ಬಳಸುದಾರಿಯಲ್ಲಿ. ಶಿಷ್ಯ ಗ್ಲಿಂಕ 1914ರಲ್ಲಿ ಜರ್ಮನ್ ಭಾಷೆಯಲ್ಲಿ ಗ್ರಂಥ ಪ್ರಕಟಿಸಿದರು. ಅಮೆರಿಕದ ಮಣ್ಣು ಸಮೀಕ್ಷೆಯ ಮುಖ್ಯಸ್ಥ ಕರ್ಟಿಸ್ ಮಾರ್ಬಟ್ ಅದನ್ನು ಓದಿ, 1927ರಲ್ಲಿ ಇಂಗ್ಲಿಷಿಗೆ ತಂದರು. ಅಮೆರಿಕದಲ್ಲಿಯೂ ಲೋಯೆಸ್ ವಿಪುಲ. ಮಿಸಿಸಿಪ್ಪಿ ನದಿಯ ಪೂರ್ವ ದಂಡೆಯ ಎತ್ತರಗಳಲ್ಲಿ, ಕಾಡಿನಡಿ, ಬಹು ಆಳದ ರೇವೆಯಲ್ಲಿ ಬೆಳೆದ ಮಣ್ಣಿಗೆ ಅಲ್ಲಿ ಮೆಂಫಿಸ್ ಎಂದು ಹೆಸರು. ಕಂದು ಬಣ್ಣ, ತೆಳುವಾದ ಮೇಲುಪದರ, ಕೆಳಗೆ ಇಳಿದು ನೆಲೆಸಿದ ಜೇಡಿ ಅದರ ಲಕ್ಷಣ. ಅಯೋವದ ಹುಲ್ಲುಬಯಲಿನಲ್ಲಿ ಅಂಥದೇ ಲೋಯೆಸ್ ಮೇಲೆ ಬೆಳೆದ ಟಾಮ ಎಂಬ ಮಣ್ಣಾದರೋ ಮೇಲುಗಡೆ ದಪ್ಪನೆಯ ಕಪ್ಪು. 1975ರಲ್ಲಿ ಅಮೆರಿಕ ಪ್ರಕಟಿಸಿದ ವರ್ಗೀಕರಣ ಪದ್ಧತಿಯಲ್ಲಿ ಒಂದು ಆಲ್ಫಿಸಾಲ್, ಇನ್ನೊಂದು ಚೆರ್ನೊಜೆಮ್‌ನ ಬಳಗದ ಮಾಲಿಸಾಲ್. ಡೊಕುಚಾಯೆವ್ ಕಾಡಿನಂಚಿನಿಂದ ಸ್ಟೆಪ್‌ನವರೆಗೆ ಗುಂಡಿ ತೋಡಿಸುತ್ತ ಕಂಡಿದ್ದೂ ಇದೇ. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿರುವ ರಾಷ್ಟ್ರೀಯ ಮಣ್ಣು ಸಮೀಕ್ಷೆ ಸಂಸ್ಥೆ ಕರ್ನಾಟಕದ ಮಣ್ಣುಗಳನ್ನು ಹೆಸರಿಸುವುದೂ ಆ ಅಮೆರಿಕನ್ ಪದ್ಧತಿಯಲ್ಲಿಯೇ.

ಕಾಮೆನ್ನಾಯ ಸ್ಟೆಪ್‌ನ ಮರಗಳ ಪಟ್ಟಿಗಳು ಉಳಿದವು. 1948ರಲ್ಲಿ ಸೋವಿಯತ್ ಸರ್ಕಾರ ಹೊಲಗಳ ರಕ್ಷಣೆಗೆ ಕಾಡು ಬೆಳೆಸುವ ಬೃಹತ್ ಯೋಜನೆಯನ್ನು ಘೋಷಿಸಿದಾಗ ಡೊಕುಚಾಯೆವ್ ಅವರ ಹೆಸರನ್ನೇ ಮುಂದಿಟ್ಟಿತು. ಸ್ಟಾಲಿನ್ ಸತ್ತ ಮೇಲೆ ಆ ಯೋಜನೆ ಕೈಬಿಟ್ಟುಹೋಯಿತು. 1890ರ ದಶಕದಲ್ಲಿ ನೆಟ್ಟ ಓಕ್ ಮರಗಳ ಸಾಲುಗಳು ಮಾತ್ರ ಆ ಬಯಲಿನಲ್ಲಿ ಈಗಲೂ ನಿಂತಿವೆ. ಅವುಗಳ ನಡುವೆ ಅವರದೇ ಹೆಸರಿನ ಕೃಷಿ ಸಂಶೋಧನಾ ಸಂಸ್ಥೆ ಕೆಲಸ ಮಾಡುತ್ತಿದೆ.